ಸೇತುರಾಮನ ಹತ್ತನೇ ವರದಿ

ನಗಬೇಡಿ. ಈಗ ಸಾರಕ್ಕಿ ದಾರಿಗೆ ಲೈಟುಕಂಬ ಬಂದಿದೆ, ಅದಕ್ಕೇ ನಿಮಗೆ ನಗು. ಏಳು ವರ್ಷದ ಹಿಂದೆ, ಅರವತ್ತೆರಡರಲ್ಲಿ, ಜಯನಗರದ ಕೊನೇ ಮನೆ ದಾಟಿದರೆ ಮುಗೀತು... ರಾಗಿ ಹೊಲ, ಒಂದು ಆಲದ ಮರ, ಅದರ ಕೆಳಗೆ ಬಾವಿ. ಆ ಬಾವಿ ಪಕ್ಕದಲ್ಲಿ ರಾತ್ರಿ ಎಂಟೂವರೆಗೆ ಒಬ್ಬನೇ ನಡೆದು ಬಂದವನು ನನ್ನ ಸ್ವಂತ ದೊಡ್ಡಪ್ಪನ ಮಗ ಚಕ್ರಪಾಣಿ. ಯಾರಿಗೋ ಯಾರೋ ಹೇಳಿದ ಕತೆಯಲ್ಲ ಇದು.

ಪಾಣಿ ಯೂನಿವರ್ಸಿಟಿ ಕಾಲೇಜಿನಲ್ಲಿ ಪತ್ರಿಕೋದ್ಯಮದ ಮೇಷ್ಟ್ರು. ಯಾವ ಕಾಲೇಜು ಅಂತ ಕೇಳಬೇಡಿ. ಡಿಪ್ಲೊಮಾ ಬೇಕಾದರೆ ಹುಡುಗರು ಊರೆಲ್ಲ ಓಡಾಡಿ, ಜನರನ್ನು ಮಾತಾಡಿಸಿ, ಹತ್ತು ವರದಿ ಬರೆದುಕೊಡಬೇಕು. ಬೇರೆ ಮೇಷ್ಟ್ರುಗಳು ಕೂತಲ್ಲೇ ಓದಿ ಮಾರ್ಕು ಹಾಕೋರು. ಪಾಣಿ ಹಾಗಲ್ಲ. ವರದಿಯನ್ನು ಚೀಲದಲ್ಲಿ ಹಾಕಿಕೊಂಡು ಆ ಜಾಗಕ್ಕೇ ಹೋಗೋನು. "ನೀವು ಹೀಗೆ ಹೇಳಿದಿರಾ?" ಅಂತ ಸಾಲು ಸಾಲಾಗಿ ಕೇಳೋನು. ಒಂದು ಮಾತು ಹೆಚ್ಚುಕಮ್ಮಿಯಾದರೆ ಹುಡುಗ ಫೇಲು. ಒಳ್ಳೇ ಪದ್ಧತಿಯೇ, ಇಲ್ಲ ಅನ್ನಲ್ಲ. ಆದರೆ ಅವನಿಗೆ ನಿಜ ಸಿಕ್ಕಾಗ ಆಗದ ಖುಷಿ ಸುಳ್ಳು ಸಿಕ್ಕಾಗ ಆಗ್ತಿತ್ತು. ಹುಡುಗರು ಬೆನ್ನ ಹಿಂದೆ 'ಸಿ.ಐ.ಡಿ.' ಅನ್ನೋರು.

ಅವನ ಕ್ಲಾಸಿನಲ್ಲೇ ಇದ್ದ, ನಮ್ಮ ಬಸವನಗುಡಿ ಮನೆ ಪಕ್ಕದ ಸೀತಮ್ಮನವರ ಮಗ ಸೇತುರಾಮ. ಒಬ್ಬನೇ ಮಗ. ತಂದೆ ಇಲ್ಲ. ಸೀತಮ್ಮ ಹಪ್ಪಳ ಒತ್ತಿ ಓದಿಸಿದ್ದರು. ಡಿಪ್ಲೊಮಾ ತಂದರೆ ಜೂನ್ ಒಂದನೇ ತಾರೀಖಿಂದ ಕೆಲಸ ಅಂತ ಒಂದು ಪತ್ರಿಕೆಯವರು ಮಾತು ಕೊಟ್ಟಿದ್ದರು. ಇಡೀ ಮನೆ ಆ ತಾರೀಖಿನ ಮೇಲೆ ನಿಂತಿತ್ತು.

ಪಾಣಿಗೂ ಅವನಿಗೂ ಎಣ್ಣೆ ಸೀಗೇಕಾಯಿ. ಹುಡುಗನ ನಾಲಿಗೆ ಚುರುಕು, ಇವನಿಗೆ ಅದು ಸೇರ್ತಿರಲಿಲ್ಲ. ಒಂಬತ್ತನೇ ವರದಿಯನ್ನು ಎಲ್ಲರ ಎದುರಿಗೇ ಹರಿದು ಹಾಕಿ, "ಹಪ್ಪಳ ಮಾರೋ ಮನೆಯವನಿಗೆ ಪತ್ರಿಕೆ ಯಾಕಯ್ಯ?" ಅಂದ. ಆಮೇಲೆ ಹೋಗಿ ವಿಚಾರಿಸಿದರೆ ಅದರಲ್ಲಿದ್ದ ಪ್ರತಿ ಅಕ್ಷರವೂ ಸರಿ! ಕ್ಷಮೆ ಕೇಳಿದನಾ? ಇಲ್ಲ. ಬೇರೆ ಪ್ರತಿ ಬರೆಸಿಕೊಂಡು ಮಾರ್ಕು ಹಾಕಿದ, ಅಷ್ಟೇ.

ಹತ್ತನೇ ವರದಿ ಬಂತು. ಸಾರಕ್ಕಿ ಹೊಲದ ಬಾವಿಯನ್ನು ಲೇಔಟಿನವರು ಮುಚ್ಚುತ್ತಾರಂತೆ. ಸೊಣ್ಣಮ್ಮ ಅನ್ನೋಳು ಅಡ್ಡ ಕೂತಿದ್ದಾಳಂತೆ. ಅವಳ ಮಗು ಆ ಬಾವಿಗೆ ಬಿದ್ದು ಹೋಯಿತಂತೆ. ಕೊನೆಯಲ್ಲಿ ಒಂದು ಸಾಲು... 'ಈಕೆ ಸಿಗುವುದು ರಾತ್ರಿ ಎಂಟರ ಮೇಲೆ ಮಾತ್ರ.'

ಓದಿದ ಕೂಡಲೇ ಪಾಣಿಗೆ ಸುಳ್ಳಿನ ವಾಸನೆ ಬಡೀತು. ಆವತ್ತೇ ಹೊರಟ.

ಸಾರಕ್ಕಿ ಊರ ಮುಂದಿನ ಕಟ್ಟೆ ಮೇಲೆ ಚಿಕ್ಕಬೈರಪ್ಪ ಅನ್ನೋ ಮುದುಕ ಬೀಡಿ ಸೇದ್ತಾ ಕೂತಿದ್ದ. ಪಾಣಿ ಕೇಳಿದ್ದಕ್ಕೆ ಮುಖ ಗಂಟು ಹಾಕಿಕೊಂಡ.

"ಸೊಣ್ಣಮ್ಮಾನೂ ಇಲ್ಲ, ಗಿಣ್ಣಮ್ಮಾನೂ ಇಲ್ಲ. ಆ ಬಾವಿಗೆ ಹಗ್ಗ ಹಾಕಿ ಹತ್ತು ವರ್ಸ ಆಯ್ತು. ಹೊಲ ಕಿತ್ಕೊಂಡಿದ್ದಾಯ್ತು, ಈಗ ಬಾವಿ ಕತೇನೂ ಬೇಕಾ ನಿಮ್ಗೆ? ಹೋಗಿ ಸ್ವಾಮಿ, ಹೋಗಿ."

ಪಾಣಿಗೆ ಹಾಲು ಕುಡಿದಷ್ಟು ಸಂತೋಷ. ಸಿಕ್ಕಿಬಿದ್ದ ಸೇತುರಾಮ! ನಡೆಯುತ್ತಲೇ ಮನಸ್ಸಿನಲ್ಲಿ ಫೇಲಿನ ಷರಾ ಬರೆದುಕೊಂಡ.

ಬಾವಿ ಹತ್ತಿರ ಬಂದ. ಆಗ ಕೇಳಿಸಿತು.

ಕಿರ್ರ್... ಕಿರ್ರ್...

ರಾಟೆ. ಎಣ್ಣೆ ಕಾಣದ ಕಬ್ಬಿಣದ ರಾಟೆ. ನೀರು ಸೇದುವಾಗ ಆಗುತ್ತಲ್ಲ, ಅದೇ ಸದ್ದು. ತಲೆಯೆತ್ತಿ ನೋಡಿದ. ರಾಟೆ ತಿರುಗ್ತಿತ್ತು... ಹಗ್ಗ ಇರಲಿಲ್ಲ.

ಬಾವಿಕಟ್ಟೆ ಮೇಲೆ ಒಬ್ಬ ಹೆಂಗಸು. ಇವನಿಗೆ ಬೆನ್ನು.

"ಯಾರು?"

"ಸೊಣ್ಣಮ್ಮ."

ಬೇರೆ ಯಾರಾದರೂ ಆಗಿದ್ದರೆ ಓಡ್ತಿದ್ದರು. ಇವನು ಚೀಲದಿಂದ ವರದಿ ತೆಗೆದ! ಚಟ ನೋಡಿ. ಬೆಂಕಿಕಡ್ಡಿ ಗೀರಿ, ಸಾಲು ಸಾಲಾಗಿ ಓದಿದ. ಪ್ರತಿ ಸಾಲಿಗೂ ಅವಳು "ಊಂ..." ಅಂದಳು. ಮೊದಲನೇ ಕಡ್ಡಿ ಮುಗೀತು, ಎರಡನೇದು ಗೀರಿದ. ಅವಳ ಸೆರಗಿನಿಂದ ನೀರು ಬೀಳ್ತಿತ್ತು. ತಟ್... ತಟ್... ಕೆಳಗಿನ ಕಲ್ಲು ಮಾತ್ರ ಒಣಗಿತ್ತು.

"ಎಲ್ಲ ಸರೀನಾ?" ಅಂದ. ಅವನ ದನಿ ಅವನಿಗೇ ಕೇಳಿಸಲಿಲ್ಲವಂತೆ.

"ಅರ್ಧ ಬರ್ದವ್ನೆ. ನನ್ ಮಗೀನ ಹೆಸ್ರು ಕೇಳ್ಲಿಲ್ಲ."

"ಏನು ಹೆಸರು?"

"ನಿಂಗಲ್ಲ." ರಾಟೆ ನಿಂತಿತು. "ಬರ್ದೋನ್ನ ಕಳ್ಸು. ಅವನಿಗೆ ಹೇಳ್ತೀನಿ."

ಕಡ್ಡಿ ಆರಿತು.

ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಬೆಳಿಗ್ಗೆ ಕಾಲೇಜಿನ ಕೋಣೆಯಲ್ಲಿ ಕೂತಿದ್ದಾಗ ಸೇತುರಾಮ ಬಂದ. ತುಟಿಯಲ್ಲೇ ನಗು.

"ಸಿಕ್ಕಿದಳಾ ಸಾರ್?"

"ಸಿಕ್ಕಿದಳು."

ನಗು ನಿಂತಿತು. "ಸುಮ್ನಿರಿ ಸಾರ್. ಗಾಂಧಿಬಜಾರಲ್ಲಿ ಕಾಫಿ ಕುಡೀತಾ ಬರೆದಿದ್ದು ಅದು. ಆ ಬಾವಿ ನೋಡಿದೀನಿ, ಅಷ್ಟೇ. ಸೊಣ್ಣಮ್ಮ ಅನ್ನೋ ಹೆಸರು ನಾನೇ ಇಟ್ಟಿದ್ದು. ನೀವು ಕತ್ತಲಲ್ಲಿ ಅಲೆದು ಸಾಯಲಿ ಅಂತ ಬರೆದೆ. ಫೇಲ್ ಮಾಡ್ತೀರಾ? ಮಾಡಿ."

ಅಲ್ಲಿಗೆ ಫೇಲು ಮಾಡಿ ಕೈ ತೊಳೆದುಕೊಂಡಿದ್ದರೆ ಏನಾಗ್ತಿತ್ತು? ಒಂದು ವರ್ಷ ಹೋಗ್ತಿತ್ತು, ಕೆಲಸ ಹೋಗ್ತಿತ್ತು. ಹುಡುಗ ಉಳೀತಿದ್ದ. ಆದರೆ 'ಅಲೆದು ಸಾಯಲಿ' ಅನ್ನೋ ಮಾತು ಪಾಣಿಗೆ ನಾಟಿಬಿಟ್ಟಿತು. ರಾತ್ರಿಯ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು. ಕೆಂಪು ಪೆನ್ಸಿಲ್ ತಗೊಂಡು ವರದಿಯ ಅಂಚಿನಲ್ಲಿ ಬರೆದ... 'ಮಗುವಿನ ಹೆಸರು?'

"ಅಪೂರ್ಣ. ಹೋಗಿ ಕೇಳ್ಕೊಂಡು ಬಾ. ಇವತ್ತು ರಾತ್ರಿ. ತಂದರೆ ಪಾಸು."

"ನಾನೇ ಒಂದು ಹೆಸರು ಹಾಕಿದ್ರೆ?"

"ನಾನು ಹೋಗಿ ವಿಚಾರಿಸ್ತೀನಿ. ನನ್ನ ಪದ್ಧತಿ ನಿನಗೆ ಗೊತ್ತಲ್ಲ."

ಜೂನ್ ಒಂದಕ್ಕೆ ಹನ್ನೆರಡು ದಿನ ಇತ್ತು. ಹುಡುಗ ಕಾಗದ ಎತ್ತಿಕೊಂಡು ಹೋದ. ಪಾಣಿ ಡ್ರಾಯರಿನಲ್ಲಿದ್ದ ಟಾರ್ಚನ್ನೂ ಕೊಡಲಿಲ್ಲ. ಇದನ್ನೆಲ್ಲ ಆಮೇಲೆ ನಮ್ಮ ಮನೆ ಜಗುಲಿ ಮೇಲೆ ಕೂತು ಅಳುತ್ತಾ ಅವನೇ ಹೇಳಿದ್ದು. ಅಳಲಿ. ದೆವ್ವದ ಮೇಲೆ ನನಗೆ ಸಿಟ್ಟಿಲ್ಲ, ಅದು ಅದರ ಪಾಡಿಗೆ ಬಾವಿಯಲ್ಲಿತ್ತು. ಇವನು ಗೊತ್ತಿದ್ದೂ ಕಳಿಸಿದ. ಆವತ್ತಿಂದ ಅವನ ಮನೆ ಹೊಸಿಲು ನಾನು ತುಳಿದಿಲ್ಲ.

ಆ ರಾತ್ರಿ ಸೇತುರಾಮ ಹನ್ನೊಂದಕ್ಕೆ ಮನೆಗೆ ಬಂದನಂತೆ. ಸೀತಮ್ಮನೇ ಹೇಳಿದ್ದು. ಬಟ್ಟೆ ಒಣಗಿತ್ತು. ತಲೆ ಮಾತ್ರ ಒದ್ದೆ. ಯಾರೋ ನೀರು ಹಚ್ಚಿ, ಮಧ್ಯಕ್ಕೆ ಬೈತಲೆ ತೆಗೆದು, ಚಿಕ್ಕ ಮಕ್ಕಳಿಗೆ ಬಾಚುವ ಹಾಗೆ ನೀಟಾಗಿ ಬಾಚಿದ್ದರು. "ಎಲ್ಲಿಗೋಗಿದ್ಯೋ?" ಅಂದರು. ಚಾಪೆ ಹಾಸಿಕೊಂಡು ಮಂಡಿ ಮಡಚಿ ಮಲಗಿದ.

ಬೆಳಿಗ್ಗೆ ವರದಿ ಪಾಣಿಯ ಮೇಜಿನ ಮೇಲಿತ್ತು. ಕೆಂಪು ಪೆನ್ಸಿಲಿನ ಕೆಳಗೆ ಸೇತುರಾಮನ ಕೈಬರಹ. 'ಮುನಿರಾಜು. ವಯಸ್ಸು ಮೂರು.'

"ಯಾರು ಹೇಳಿದ್ದು?" ಪಾಣಿ ಪಿಸುಗುಟ್ಟಿದ.

"ಅವ್ವ," ಅಂದ ಹುಡುಗ.

ಸೀತಮ್ಮನವರ ಮನೆಯಲ್ಲಿ ಮೂರು ತಲೆಮಾರಿನಿಂದ 'ಅಮ್ಮ' ಅಂತಲೇ ಕರೆಯೋದು. ಪಾಣಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮತ್ತೆ ಏನೂ ಕೇಳಲಿಲ್ಲ. ಅರವತ್ತೆಂಟು ಮಾರ್ಕು ಹಾಕಿ ಪಾಸು ಮಾಡಿದ.

ಡಿಪ್ಲೊಮಾ ಕೊಡುವ ದಿನ ನಾನೂ ಸೀತಮ್ಮನವರ ಜೊತೆ ಹೋಗಿದ್ದೆ. ಗುಮಾಸ್ತ "ಎಸ್. ಸೇತುರಾಮ" ಅಂತ ಮೂರು ಸಲ ಕೂಗಿದ. ಹುಡುಗ ಮೂರನೇ ಸಾಲಿನಲ್ಲೇ ಇದ್ದ, ಏಳಲಿಲ್ಲ. ಯಾರನ್ನು ಕರೀತಿದ್ದಾರೋ ಅಂತ ಅತ್ತಿತ್ತ ನೋಡ್ತಿದ್ದ. ಪತ್ರಿಕೆಯವರು ನಾಲ್ಕು ದಿನ ಇಟ್ಟುಕೊಂಡರು. ಕರೆದರೆ ಓಗೊಡೋದಿಲ್ಲ ಅಂತ ಮನೆಗೆ ಕಳಿಸಿದರು. ಡಾಕ್ಟರು ಕಿವಿ ನೋಡಿ, ಕಿವಿ ಸರಿಯಾಗಿದೆ ಅಂದರು.

ಇದು ನಡೆದದ್ದು. ನನ್ನ ಮಕ್ಕಳಾಣೆ. ಹೋದ ಶುಕ್ರವಾರ ನಾನು ಹಿತ್ತಲಲ್ಲಿ ಕೈಕಾಲು ತೊಳೀತಿದ್ದೆ. ಗೋಡೆಯಾಚೆ ಸೀತಮ್ಮ ಎಲೆ ಹಾಕಿ, "ಸೇತೂ, ಊಟಕ್ಕೆ ಬಾ" ಅಂದರು. ಮತ್ತೊಂದು ಸಲ ಅಂದರು. ಏನೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, ನೆರೆಹೊರೆಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ ಕರೆದರು... "ಮುನಿರಾಜೂ... ಬಾರಪ್ಪ, ಅನ್ನ ಆರಿಹೋಗ್ತದೆ."

ಒಳಗೆ ಚಾಪೆ ಸರಿದ ಸದ್ದು. ದಡದಡ ಅಂತ ಓಡಿ ಬಂದ ಸದ್ದು. ಆಮೇಲೆ ಅವನು ಊಟ ಮಾಡೋದು ಕೇಳಿಸಿತು. ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರ ಊಟ. ನಾಳೆ ಬಂದು ನಮ್ಮ ಹಿತ್ತಲಲ್ಲಿ ನಿಂತ್ಕೊಳ್ಳಿ, ನಿಮಗೂ ಕೇಳಿಸುತ್ತೆ.