ಒಳಗೆ: ಹದಿನೇಳು

ಮಾಲೂರು ಬಿಟ್ಟು ಮಾಸ್ತಿ ಕಡೆಗೆ ಹೋದರೆ, ಇಟ್ಟಿಗೆ ಫ್ಯಾಕ್ಟರಿಗಳ ಸಾಲು ಮುಗಿದ ಮೇಲೆ ಎಡಕ್ಕೊಂದು ಮಣ್ಣುದಾರಿ. ಅರ್ಧ ದಾರಿಯಲ್ಲಿ ಹಳೇ ಬಾವಿ. ನೀರು ಬತ್ತಿ ಎಷ್ಟೋ ವರ್ಷವಾಯಿತು, ಕಟ್ಟೆ ಮಾತ್ರ ಉಳಿದಿದೆ. ನಮ್ಮ ದೊಡ್ಡಪ್ಪನ ಮಗಳು ಅನಿತ ಅವತ್ತು ರಾತ್ರಿ ಹನ್ನೊಂದು ಗಂಟೆಗೆ ಅದೇ ದಾರಿಯಲ್ಲಿ ಮನೆಗೆ ನಡೆದು ಹೋಗ್ತಿದ್ದಳು. ಸ್ಕೂಟಿ ಪಂಕ್ಚರ್ ಆಗಿತ್ತು. ಅವಳು ಕೆಲಸಕ್ಕೆ ಹೋಗಿದ್ದ ಇಟ್ಟಿಗೆ ಫ್ಯಾಕ್ಟರಿಯಿಂದ ಊರಿಗೆ ಒಂದೇ ಕಿಲೋಮೀಟರು, ಯಾರನ್ನ ಕಾಯೋದು ಅಂತ ಹೊರಟುಬಿಟ್ಟಿದ್ದಳು. ಹೆಗಲಿಗೆ ಟೂಲ್ ಬ್ಯಾಗು. ಹೆಜ್ಜೆ ಹಾಕಿದಾಗೆಲ್ಲ ಒಳಗಿನ ಸ್ಪ್ಯಾನರುಗಳು ಕಿಣ್... ಕಿಣ್...

ಬಾವಿ ಹತ್ತಿರ ಬಂದಾಗ ಇನ್ನೊಂದು ಸದ್ದು ಜೊತೆಗೂಡಿತು.

ಪಚ್... ಪಚ್...

ಯಾರೋ ಹಸಿ ಮಣ್ಣು ತುಳೀತಿದ್ದಾರೆ. ಮಳೆ ಬಂದು ತಿಂಗಳ ಮೇಲಾಗಿತ್ತು. ಕಾಲಡಿ ಬರೀ ಧೂಳು.

ಅವಳು ನಿಂತಳು. ಸದ್ದೂ ನಿಂತಿತು.

ಕಟ್ಟೆ ಮೇಲೆ ಒಬ್ಬ ಕೂತಿದ್ದ. ಮೊಣಕೈವರೆಗೂ ಕೆಂಪು ಮಣ್ಣು ಮೆತ್ತಿತ್ತು. ಮುಖ ಕತ್ತಲಲ್ಲಿತ್ತು. ಫ್ಯಾಕ್ಟರಿಯವನೇ ಇರಬೇಕು ಅಂದುಕೊಂಡಳು.

"ಅಮ್ಮಯ್ಯಾ..." ಅಂದ. ಪಿಸುದನಿ. "ಈಗ ವಲ್ಲಿ ಎಲ್ಲಿ ಕಟ್ಟೋದು?"

"ಯಾವ ವಲ್ಲಿ?"

"ಸ್ವಿಚ್ಚು ಕಿತ್ತಾಕ್ಬಿಟ್ರಲ್ಲ..."

ಅನಿತ ಥಟ್ಟನೆ ಫ್ಯಾಕ್ಟರಿ ಕಡೆ ತಿರುಗಿ ನೋಡಿದಳು.

"ಆಂಜಿ ಒಳಗವ್ನೆ," ಅಂದ ಅವನು. "ನಂಬರು ಒತ್ತಿಲ್ಲ."

ಅದೇನು ಅಂತ ನಿಮಗೆ ತಿಳೀಬೇಕಾದ್ರೆ ಮೂರು ದಿನ ಹಿಂದಕ್ಕೆ ಹೋಗಬೇಕು.

ಅನಿತ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಫ್ಯಾಕ್ಟರಿಗಳಿಗೆ ಕರೆಂಟಿನ ಪ್ಯಾನಲ್ ಮಾಡಿಕೊಡುವ ಸಣ್ಣ ಕಂಪನಿಯೊಂದರಲ್ಲಿ ಕೆಲಸ. ಈ ಫ್ಯಾಕ್ಟರಿಯ ಮಣ್ಣು ಕಲಸುವ ಮಿಷಿನ್ನಿಗೆ ಒಂದು ಟರ್ಮಿನಲ್ ಕೂರಿಸಬೇಕಿತ್ತು. ಊಟದ ಡಬ್ಬಿಯಷ್ಟು ಅಗಲದ ಕಬ್ಬಿಣದ ಪೆಟ್ಟಿಗೆ ಅದು. ಮುಂದೆ ನಾಲ್ಕು ಸಾಲಿನ ಸ್ಕ್ರೀನು, ಕೆಳಗೆ ರಬ್ಬರಿನ ಕೀಗಳು. ಒಳಗೆ ಧೂಳು ಹೋಗಲ್ಲ, ನೀರು ಹೋಗಲ್ಲ, ಒರಟು ಕೈ ಬಿದ್ದರೂ ಒಡೆಯಲ್ಲ. ಇಟ್ಟಿಗೆ ಫ್ಯಾಕ್ಟರಿಗೆ ಅಂಥದ್ದೇ ಬೇಕು.

ಮೊದಲ ದಿನ ಪ್ಯಾನಲ್ಲಿನ ಬಾಗಿಲ ತಗಡನ್ನು ಅಳೆದು ಕತ್ತರಿಸಿದಳು. ಅಂಚನ್ನು ಅರದಿಂದ ಉಜ್ಜಿ, ಸುತ್ತ ರಬ್ಬರ್ ಪಟ್ಟಿ ಕೊಟ್ಟು, ಪೆಟ್ಟಿಗೆ ತೂರಿಸಿ, ಹಿಂದಿನಿಂದ ನಾಲ್ಕು ಕ್ಲಾಂಪು ಬಿಗಿದಳು. ಎರಡನೇ ದಿನ ವೈರಿಂಗು. ಮೂರನೇ ದಿನ ಪ್ರೋಗ್ರಾಮು. ಕನ್ನಡ ಅಕ್ಷರ ಆ ಟರ್ಮಿನಲ್ಲಿಗೆ ಬರುತ್ತಿರಲಿಲ್ಲ. ಕೆಲಸದವರಿಗೆ ಇಂಗ್ಲಿಷ್ ಬರಲ್ಲ. ಅದಕ್ಕೆ ಅವಳೇ ಚುಕ್ಕಿ ಚುಕ್ಕಿ ಜೋಡಿಸಿ, ಚಿತ್ರ ಬರೆದಂತೆ, ಎರಡೇ ಎರಡು ಪದ ಬರೆದು ಹಾಕಿದಳು. 'ಒಳಗೆ'. 'ಹೊರಗೆ'.

ಮಿಷಿನ್ನಿನ ತೊಟ್ಟಿ ಆಳ. ಅದರೊಳಗೆ ಉದ್ದದ ಶಾಫ್ಟು, ಶಾಫ್ಟಿನ ಸುತ್ತ ಕತ್ತಿಯಂಥ ರೆಕ್ಕೆಗಳು. ರೆಕ್ಕೆಗೆ ಮೆತ್ತಿದ ಮಣ್ಣನ್ನು ದಿನಾ ಒಬ್ಬ ಇಳಿದು ಉಳಿಯಿಂದ ಕೆತ್ತಬೇಕು. ಇಳಿಯುವವನು ಟರ್ಮಿನಲ್ಲಿನಲ್ಲಿ ತನ್ನ ನಂಬರು ಹೊಡೆದು 'ಒಳಗೆ' ಒತ್ತಬೇಕು. ಹತ್ತಿ ಬಂದ ಮೇಲೆ 'ಹೊರಗೆ'. ಒಂದು ನಂಬರು ಒಳಗಿದ್ದರೂ ಮೋಟರು ತಿರುಗಲ್ಲ. ಅಷ್ಟೇ ಲೆಕ್ಕ.

ಅದಕ್ಕೂ ಮೊದಲು ಅಲ್ಲಿ ಉದ್ದ ಹಿಡಿಯ ಹಳೇ ಸ್ವಿಚ್ಚಿತ್ತು. ಇಳಿಯುವವನು ಹೆಗಲ ಮೇಲಿನ ಟವೆಲ್ಲು, ಅದೇ ವಲ್ಲಿ, ತೆಗೆದು ಆ ಹಿಡಿಗೆ ಕಟ್ಟಿ ಇಳೀತಿದ್ದ. ವಲ್ಲಿ ಇದ್ದರೆ ಸ್ವಿಚ್ಚು ಮುಟ್ಟುವ ಹಾಗಿಲ್ಲ. ಕಟ್ಟಿದವನೇ ಬಿಚ್ಚಬೇಕು. ಇದನ್ನು ಅನಿತಳಿಗೆ ಹೇಳಿದವನು ಆಂಜಿ. ಮುಳಬಾಗಿಲು ಕಡೆಯವನು, ನಲವತ್ತು ದಾಟಿದ ಆಳು, ಎರಡು ಹೆಣ್ಣುಮಕ್ಕಳ ಅಪ್ಪ, ಬಾಯಿ ತುಂಬ ತೆಲುಗು.

"ಏಮಮ್ಮಾ, ನಿನ್ನ ಡಬ್ಬಿಗೆ ಹೇಳಿ ಇಳೀಬೇಕಾ ನಾನು? ನಮ್ ಮನೆಯವಳಿಗೇ ಹೇಳಿ ಹೋಗಲ್ಲ."

"ಹೇಳಿ ಇಳೀರಿ ಆಂಜಣ್ಣ. ಜೀವ ಉಳಿಯುತ್ತೆ."

"ಜೀವ ಉಳಿಸೋದು ಇದು ಕಣಮ್ಮ," ಅಂತ ವಲ್ಲಿ ಕೊಡವಿದ. ಆಮೇಲೆ ನಗು ನಿಲ್ಲಿಸಿದ. "ಒಂದ್ಸಲ ಉಳಿಸಲಿಲ್ಲ."

ಮೂರು ವರ್ಷದ ಹಿಂದೆ ಕದಿರೇಶ ಅನ್ನುವವನು ವಲ್ಲಿ ಕಟ್ಟಿ ಇಳಿದಿದ್ದ. ಯಾರೋ ಬಿಚ್ಚಿ ಸ್ವಿಚ್ಚು ಹಾಕಿದರು. ತೊಟ್ಟಿಯಿಂದ ಅವನನ್ನು ತೆಗೆಯಲಿಕ್ಕೆ ಸಲಿಕೆ ಬೇಕಾಯಿತಂತೆ. ಮಣ್ಣು ಯಾವುದು, ಅವನು ಯಾವುದು ಅಂತ ಬೇರೆ ಮಾಡೋಕೆ ಬೆಳಗಾಯಿತಂತೆ. ವಲ್ಲಿ ಕಟ್ಟೇ ಇರಲಿಲ್ಲ ಅಂತ ಬರೆದು ಕೇಸು ಮುಚ್ಚಿದರು.

"ಬಿಚ್ಚಿದ್ದು ಯಾರು?"

ಆಂಜಿ ಕತ್ತು ತಿರುಗಿಸಿದ. ಸೂಪರ್‌ವೈಸರ್ ಮುರಳಿಮೋಹನ್ ಕೂತಿದ್ದ ಗಾಜಿನ ರೂಮಿನ ಕಡೆ ನೋಡಿದ, ಕೆಳಗೆ ಉಗುಳಿದ.

"ನಂಬರು ಹಾಕ್ತೀಯಲ್ಲ, ಹದಿನೇಳು ಯಾರಿಗೂ ಕೊಡಬೇಡ. ಹಾಜರಿ ಪುಸ್ತಕದಲ್ಲಿ ಅದು ಕದಿರೇಶನದು."

ಅವಳು ಕೊಡಲಿಲ್ಲ. ಹದಿನಾರಾದ ಮೇಲೆ ನೇರ ಹದಿನೆಂಟು ಹಾಕಿದಳು. ಹದಿನೇಳು ಅಂತ ಹೊಡೆದರೆ ಟರ್ಮಿನಲ್ಲು ತಗೊಳ್ಳೋದೇ ಇಲ್ಲ. ಪೀಪ್ ಅಂತ ಮೂರು ಸಲ ಕೂಗಿ ಅಳಿಸಿಬಿಡುತ್ತೆ. ಅವಳೇ ಹೊಡೆದು ನೋಡಿದ್ದಳು.

ಈಗ ಬಾವಿ ಹತ್ತಿರ ಬನ್ನಿ.

ಆಂಜಿ ನಂಬರು ಒತ್ತಿಲ್ಲ ಅಂದ್ರೆ... ವಲ್ಲಿ ಕಟ್ಟಿದಾನೆ. ಹಿಡಿಯಿಲ್ಲ, ಎಲ್ಲೋ ಕಟ್ಟಿದಾನೆ. ಸ್ಕ್ರೀನಿನಲ್ಲಿ ಮಾತ್ರ ಸೊನ್ನೆ ಇರುತ್ತೆ. ಅನಿತ "ನೀವು ಯಾಕೆ ಹೋಗಿ ಹೇಳಲಿಲ್ಲ?" ಅಂತ ಕೇಳಲು ತಿರುಗಿದಳು. ಕಟ್ಟೆ ಮೇಲೆ ಯಾರೂ ಇರಲಿಲ್ಲ. ಅವನು ಕೂತಿದ್ದ ಕಲ್ಲಿನಿಂದ ನೀರು ಇಳೀತಿತ್ತು. ತೊಟ್... ತೊಟ್...

ಅವಳು ಓಡಿದಳು. ಓಡುತ್ತಲೇ ಮುರಳಿಮೋಹನ್‌ಗೆ ಫೋನ್ ಹಚ್ಚಿದಳು.

"ಸಾರ್, ಮಿಷಿನ್ ಹಾಕ್ಬೇಡಿ! ಆಂಜಣ್ಣ ಒಳಗಿದಾರೆ."

"ಯಾವನಮ್ಮ ಹೇಳಿದ್ದು? ನಿನ್ನ ಡಬ್ಬಾನೇ ಸೊನ್ನೆ ಅಂತೈತೆ. ಮುಂದೇನೇ ನಿಂತಿದೀನಿ."

"ಅಲ್ಲಿ ವಲ್ಲಿ ಇಲ್ವಾ?"

"ಇತ್ತು. ಯಾವನೋ ಬಾಗಿಲ ಹಿಡಿಗೆ ಸುತ್ತಿ ಸ್ಕ್ರೀನು ಮುಚ್ಚಾಕಿದ್ದ. ಕಿತ್ತು ಬಿಸಾಕ್ದೆ."

"ಸಾರ್, ಹೋಗಿ ಒಂದ್ಸಲ ಇಣುಕಿ ನೋಡಿ..."

"ಕೂಗ್ದೆ ಕಣಮ್ಮ, ಒಬ್ಬನೂ ಓ ಅನ್ಲಿಲ್ಲ. ಬೆಳಗ್ಗೆ ಆರಕ್ಕೆ ಲೋಡು ಹೋಗ್ಬೇಕು ನಂಗೆ..."

ಇಟ್ಟಿಗೆ ಸುಡುವ ಗೂಡಿನ ಫ್ಯಾನು ಘೋ ಅಂತ ಹೊಡೀತಿರುತ್ತೆ. ಅದರ ಮುಂದೆ ಕೂಗಿದ್ದು ಆಳದ ತೊಟ್ಟಿಗೆ ಎಲ್ಲಿ ಕೇಳಬೇಕು? ಪ್ಯಾನಲ್ ಬೇರೆ ಗೋಡೆಯ ಈಚೆಗಿತ್ತು.

ಫೋನಿನಲ್ಲಿ ಸಣ್ಣ ಸದ್ದು. ಟಿಕ್. ಟಿಕ್. ಟಿಕ್.

ಕೀ ಒತ್ತುವ ಸದ್ದು.

"ಏಯ್..." ಅಂದ ಮುರಳಿಮೋಹನ್. ದನಿ ಬೇರೆಯಾಗಿತ್ತು. "ಯಾರು ಒತ್ತಿದ್ದು... ಹದಿನೇಳು ಅಂತ..."

ಫೋನು ಕಟ್ಟಾಯಿತು.

ಅನಿತ ಶೆಡ್ಡಿನ ಬಾಗಿಲು ಮುಟ್ಟಿದಾಗ ಮುರಳಿಮೋಹನ್ ಕಬ್ಬಿಣದ ರಾಡು ಹಿಡಿದು ಟರ್ಮಿನಲ್ಲನ್ನು ಬಡೀತಿದ್ದ. ಠಣ್! ಠಣ್! ಅಷ್ಟು ಗಟ್ಟಿ ಪೆಟ್ಟಿಗೆ, ಗೀರೂ ಬೀಳಲಿಲ್ಲ. ಸ್ಕ್ರೀನಿನ ಮೇಲೆ 'ಒಳಗೆ: 17'.

"ನನ್ನ ಹತ್ರ ಆಟ ಆಡ್ತೀರೇನ್ರೋ! ಯಾವನ್ಲಾ ಅದು? ಅವನ ಹೆಸರು ಹೇಳಿ ನನ್ನ ಹೆದರಿಸ್ತೀರಾ?"

"ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ, ಆಂಜಣ್ಣ..."

ಅವನು ಅವಳನ್ನು ದಬ್ಬಿದ. ಅವಳ ತಲೆ ಗೋಡೆಗೆ ಬಡಿದು ಕಣ್ಣು ಕತ್ತಲಿಟ್ಟಿತು. ಮತ್ತೆ ನೋಡಿದಾಗ ಸ್ಕ್ರೀನು ಬದಲಾಗಿತ್ತು.

'ಬೇಡ.'

ಆ ಟರ್ಮಿನಲ್ಲಿಗೆ ಬರುತ್ತಿದ್ದದ್ದು ಎರಡೇ ಪದ. ಬ ಅನ್ನುವ ಅಕ್ಷರವನ್ನೂ ಡ ಅನ್ನುವ ಅಕ್ಷರವನ್ನೂ ಅನಿತ ಬರೆದೇ ಇರಲಿಲ್ಲ.

ಮುರಳಿಮೋಹನ್ ಅದನ್ನು ಓದಿದ. ಓದಿ ಹಲ್ಲು ಕಚ್ಚಿದ. ಪ್ಯಾನಲ್ ಬಾಗಿಲು ತೆಗೆದ. ಒಳಗೆ ಮೋಟರಿಗೆ ಕರೆಂಟು ಬಿಡುವ ಕಾಂಟ್ಯಾಕ್ಟರ್ ಇರುತ್ತೆ. ಟರ್ಮಿನಲ್ಲು ಬೇಡ ಅಂದರೂ ಅದನ್ನು ಕೈಯಲ್ಲಿ ಒತ್ತಿಹಿಡಿದರೆ ಮೋಟರು ತಿರುಗಿಬಿಡುತ್ತೆ. ಮಾಡಬಾರದ ಕೆಲಸ. ಅವಸರಕ್ಕೆ ಎಲ್ಲರೂ ಮಾಡುವ ಕೆಲಸ. ಅವನು ಸುತ್ತಿಗೆಯ ಮರದ ಹಿಡಿ ಇಟ್ಟು ಒತ್ತಿದ.

ಖಟಾಕ್.

ಗುಂಯ್ಯ್ಯ್...

ಗೋಡೆಯಾಚೆ ತೊಟ್ಟಿಯಿಂದ ಒಂದು ಕೂಗು ಬಂತು. ಆಮೇಲೆ ಹಸಿ ಸೌದೆ ಸೀಳಿದ ಸದ್ದು.

"ಆಂಜಣ್ಣಾ!"

ಆಗ ಪ್ಯಾನಲ್ಲಿನ ಬಾಗಿಲು ಅಲ್ಲಾಡಿತು.

ಗಾಳಿಯಿರಲಿಲ್ಲ. ಅಷ್ಟು ಭಾರದ ಬಾಗಿಲು ಗಾಳಿಗೆ ಅಲ್ಲಾಡೋದೂ ಇಲ್ಲ. ಪೂರಾ ಹಿಂದಕ್ಕೆ ಹೋಯಿತು, ಒಂದು ಗಳಿಗೆ ನಿಂತಿತು... ಆಮೇಲೆ ಬಂದು ಮುರಳಿಮೋಹನ್‌ನ ಮೊಣಕೈ ಮೇಲೆ ಬಡಿಯಿತು.

ಧಡ್!

ಕಬ್ಬು ಮುರಿದಂತೆ ಪಟಕ್ಕೆಂದಿತು. ಸುತ್ತಿಗೆ ಬಿತ್ತು. ಮೋಟರು ನಿಂತಿತು. ಬಾಗಿಲು ನಿಲ್ಲಲಿಲ್ಲ.

ಧಡ್!

ಅವನು ಕೈ ಎಳೆದುಕೊಳ್ಳಲು ನೋಡಿದ. ಒಳಗಿನಿಂದ ಏನೋ ಹಿಡಿದಿತ್ತು. ಮುಖ ಬಾಗಿಲ ಅಂಚಿಗೆ ಸಿಕ್ಕಿತು. ಧಡ್! ಮೂಗು ಚಪ್ಪಟೆಯಾಗಿ, ಹಲ್ಲುಗಳು ಕಟಕಟ ಅಂತ ಸಿಮೆಂಟಿನ ಮೇಲೆ ಉದುರಿದವು. ಧಡ್! ಅಂಗಿಯ ತೋಳಿನೊಳಗೆ ಕೈ ಎರಡು ಕಡೆ ಮಡಿಚಿತ್ತು. ಬಿಳಿ ಮೂಳೆ ಬಟ್ಟೆ ತೂರಿ ಬಂತು. ತಗಡಿನ ಮೇಲೆ ರಕ್ತ ಚಿಮ್ಮಿ ಸ್ಕ್ರೀನಿನ ಮೇಲಿಂದ ಇಳಿಯಿತು. ಅದರ ಕೆಳಗೆ ರಬ್ಬರಿನ ಕೀಗಳು ತಾವಾಗೇ ಕುಸಿದು ಏಳ್ತಿದ್ದವು. ಒಂದು, ಏಳು. ಒಂದು, ಏಳು. ಕುಸಿದ ಪ್ರತಿಯೊಂದು ಕೀ ಮೇಲೂ ಹೆಬ್ಬೆರಳಗಲ ಕೆಂಪು ಮಣ್ಣು.

"ನಾನೇ... ನಾನೇ ಬಿಚ್ಚಿದ್ದು..." ಅಂತ ಮುರಳಿಮೋಹನ್ ರಕ್ತದ ಬಾಯಲ್ಲಿ ಕೂಗಿದ. "ತಪ್ಪಾಯ್ತು ಕಣೋ... ಬಿಡೋ..."

ಧಡ್!

ಅನಿತ ತೆವಳಿಕೊಂಡು ಹೋಗಿ ಗೋಡೆ ಮೇಲಿನ ಮೈನ್ ಎಳೆದಳು. ಇಡೀ ಶೆಡ್ಡು ಕತ್ತಲಾಯಿತು. ಫ್ಯಾನು ಉಯ್ಯ್... ಅಂತ ಇಳಿದು ನಿಂತಿತು. ಆ ಕತ್ತಲಲ್ಲಿ ಮತ್ತೆ ಬಾಗಿಲು ಹಿಂದಕ್ಕೆ ಹೋದ ಸದ್ದು. ಕೀಲು ಕಿರ್ರ್ ಅಂದಿತು.

ಏನು ಮಾಡಬೇಕು ಅಂತ ಅವಳಿಗೆ ತೋಚಲಿಲ್ಲ. ಪಿಸುಗುಟ್ಟಿದಳು.

"ಕದಿರೇಶಣ್ಣಾ... ಸಾಕು. ಆಂಜಣ್ಣನ್ನ ನೋಡು... ಎರಡು ಹೆಣ್ಣುಮಕ್ಕಳಿದಾರೆ ಅವನಿಗೆ."

ಬಾಗಿಲು ಮತ್ತೆ ಬಡಿಯಲಿಲ್ಲ.

ಪಚ್... ಪಚ್... ಪಚ್... ಯಾರೋ ಅವಳ ಪಕ್ಕದಲ್ಲೇ ಹಾದು ಗೋಡೆಯಾಚೆಗೆ ಹೋದರು. ತಣ್ಣನೆ ಹಸಿ ಮಣ್ಣಿನ ವಾಸನೆ. ಅಷ್ಟೇ.

ಅನಿತ ಬ್ಯಾಗಿನಿಂದ ಟಾರ್ಚು ತೆಗೆದು, ಗೋಡೆಯಾಚೆ ಹೋಗಿ ತೊಟ್ಟಿಯೊಳಗೆ ಬೆಳಕು ಬಿಟ್ಟಳು. ರೆಕ್ಕೆಗಳ ಮೇಲೆ ರಕ್ತ. ಒಂದು ಚಪ್ಪಲಿ. ಉಳಿ. ಆಂಜಿ ಇಲ್ಲ.

ಅಷ್ಟರಲ್ಲಿ ಗೇಟಿನ ವಾಚ್‌ಮನ್ ಚನ್ನರಾಯಪ್ಪ ಸದ್ದು ಕೇಳಿ ಓಡಿಬಂದಿದ್ದ. ತೊಟ್ಟಿಯಿಂದ ಹದಿನೈದು ಅಡಿ ಆಚೆ, ಜರಡಿ ಹಿಡಿದ ಮಣ್ಣಿನ ಗುಡ್ಡೆ ಮೇಲೆ ಆಂಜಿಯನ್ನು ಕಂಡವನು ಅವನೇ. ಮೊಣಕಾಲ ಕೆಳಗೆ ಮಾಂಸ ಬಿಚ್ಚಿ ಮೂಳೆ ಕಾಣ್ತಿತ್ತು. ಆ ಕಾಲಲ್ಲಿ ಅಷ್ಟು ಆಳದ ತೊಟ್ಟಿ ಹತ್ತೋದು ಇರಲಿ, ಏಳೋಕೂ ಆಗುತ್ತಿರಲಿಲ್ಲ. ತೊಟ್ಟಿಗೂ ಗುಡ್ಡೆಗೂ ನಡುವೆ ನೆಲದ ಮೇಲೆ ಒಂದು ಹನಿ ರಕ್ತ ಇರಲಿಲ್ಲ.

"ಯಾರ್ಲಾ ಎತ್ತಿದ್ದು ನಿನ್ನ?" ಅಂದ ಚನ್ನರಾಯಪ್ಪ.

ಆಂಜಿ ಹಲ್ಲು ಕಟಕಟಿಸುತ್ತಾ ಅಂದ. "ಕದಲೊದ್ದು ಅಂದ... ಅಲ್ಲಾಡಬೇಡ ಅಂದ... ಹಿಂದೆ ಕೂತಿದ್ದ..."

ಇಬ್ಬರನ್ನೂ ಅದೇ ಲೋಡ್ ಗಾಡಿಯಲ್ಲಿ ಕೋಲಾರಕ್ಕೆ ಒಯ್ದರು. ಮುರಳಿಮೋಹನ್‌ನ ಬಲಗೈ ಮೊಣಕೈಯಿಂದ ಕೆಳಗೆ ತೆಗೆದುಹಾಕಿದರು. ಅವನೀಗ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿಯೊಂದರಲ್ಲಿ ಚೀಟಿ ಕೊಡ್ತಾನಂತೆ. ಬಾಗಿಲಿರುವ ರೂಮಿನಲ್ಲಿ ಕೂರಲ್ಲವಂತೆ. ಆಂಜಿಯ ಕಾಲು ಉಳಿಯಿತು. ಕುಂಟುತ್ತಾನೆ, ಆದರೆ ಇದ್ದಾನೆ.

ಡಾಕ್ಟರು ಅವತ್ತು ಅನಿತಳನ್ನ ಕೇಳಿದ್ದು ಒಂದೇ ಮಾತು. "ತೊಡೆಗೆ ಬಟ್ಟೆ ಬಿಗಿದು ರಕ್ತ ನಿಲ್ಲಿಸಿದ್ದು ಯಾರು? ಅದಿಲ್ಲದಿದ್ರೆ ದಾರಿಯಲ್ಲೇ ಹೋಗ್ತಿದ್ರು."

ಅನಿತ ಕಟ್ಟಿರಲಿಲ್ಲ. ಚನ್ನರಾಯಪ್ಪ ಕಟ್ಟಿರಲಿಲ್ಲ. ಹರಿದ ಅಂಗಿಯ ಒಂದು ತೋಳು ಅದು, ಮಣ್ಣಲ್ಲಿ ನೆನೆದದ್ದು. ಗಂಟು ಬಿಚ್ಚಲಾಗದೆ ನರ್ಸು ಕತ್ತರಿ ಹಾಕಿದರು.

ಬೇಕಾದರೆ ನಂಬಿ, ಬೇಡದಿದ್ದರೆ ಬಿಡಿ. ಆ ಬಟ್ಟೆ ಆಂಜಣ್ಣನ ಮನೆಯಲ್ಲಿ, ಟೀವಿ ಪಕ್ಕದ ಗೂಡಿನಲ್ಲಿ ಒಂದು ಸ್ಟೀಲ್ ತಟ್ಟೆ ಮೇಲಿದೆ. ಹೋದ ತಿಂಗಳು ಅನಿತಕ್ಕನ ಜೊತೆ ಹೋಗಿದ್ದಾಗ ನಾನೂ ಬೆರಳಿಟ್ಟು ನೋಡಿದೆ. ಎರಡು ಬೇಸಿಗೆ ಕಳೆದಿವೆ. ಮಣ್ಣು ಇನ್ನೂ ಹಸಿಯಾಗಿದೆ. ತಟ್ಟೆಯಲ್ಲಿ ನಿಲ್ಲುವ ಕೆಂಪು ನೀರನ್ನು ಅವರ ಚಿಕ್ಕ ಮಗಳು ದಿನಾ ಬೆಳಗ್ಗೆ ಹೊರಗೆ ಚೆಲ್ಲಿ, ತಟ್ಟೆ ಒರೆಸಿ ಇಡ್ತಾಳೆ.