ಅರ್ಧ ವೇಗದ ತಾಳ

ಬಸ್ಸಿನ ಸರದಿಯಲ್ಲಿ ನನ್ನ ಮುಂದಿದ್ದ ದರ್ಜಿ ತನ್ನ ಗೆಳೆಯನೊಡನೆ ತಲೆ ತಗ್ಗಿಸಿಯೇ ಮಾತಾಡುತ್ತಿದ್ದ.

“ನಿಂಗೆ ಡ್ರಮ್ಸ್ ಕಲಿಸಿದ್ದು ಯಾರು?” ಗೆಳೆಯ ಕೇಳಿದ.

“ಯಾರೂ ಇಲ್ಲ. ಮೊಬೈಲಲ್ಲಿ ವಿಡಿಯೋ ನೋಡ್ಕೊಂಡು, ದಿಂಬಿನ ಮೇಲೆ ಬಾರಿಸಿ ಕಲಿತೆ. ಒಂದು ವರ್ಷ.”

“ಮತ್ತೆ ನಿನ್ನೆ ವೇದಿಕೆ ಮೇಲೆ ಏನಾಯ್ತು?”

“ಕೈ ಕೂರೋವರೆಗೆ ವಿಡಿಯೋನ ಅರ್ಧ ವೇಗಕ್ಕೆ ಇಟ್ಕೊಳ್ಳಿ ಅಂತ ಆ ವಿಡಿಯೋದಲ್ಲೇ ಅಂದಿದ್ರು. ಇಟ್ಕೊಂಡೆ. ಆಮೇಲೆ ಹೆಚ್ಚಿಸೋದನ್ನೇ ಮರೆತೆ.”

“ಅಯ್ಯೋ! ವರ್ಷವಿಡೀನಾ?”

“ಕೈಗೆ ಅದೇ ಅಭ್ಯಾಸ ಆಗ್ಹೋಗಿತ್ತು. ಕುಣಿಯೋ ಹಾಡು ಜೋಗುಳ ಆಯ್ತು. ಜನ ಬಿದ್ದು ಬಿದ್ದು ನಕ್ರು.”

“ಹಾಡ್ತಿದ್ದ ನಿಮ್ಮಕ್ಕ ಬೈದ್ರಾ?”

“ಬೈದಿದ್ರೆ ಚೆನ್ನಾಗಿತ್ತು. ಉಸಿರು ಸಾಲದೆ ಮುಖ ಕೆಂಪಾದ್ರೂ, ಕೊನೇವರೆಗೂ ನನ್ನ ವೇಗಕ್ಕೇ ಹಾಡಿದ್ಳು.”

ಬಸ್ಸು ಬಂತು. ದರ್ಜಿ ಹತ್ತಿ, ಎರಡೂ ಕೈಗಳನ್ನು ತೊಡೆಯಡಿಗೆ ಸೇರಿಸಿಕೊಂಡು ಕುಳಿತ.