ಸಿಂಗ್ರಯ್ಯನ ಹಿತ್ತಾಳೆ ಹಾರನ್ನು

ಬನ್ನಿ, ಕೂತ್ಕೊಳ್ಳಿ. ಹಿಂದೆ ಇರೋರು ಮುಂದಕ್ಕೆ ಬನ್ನಿ, ಮುಂದೆ ಇರೋರು ಬಾಯಿಗೆ ಎಲೆ ಅಡಿಕೆ ಹಾಕ್ಕೊಳ್ಳಿ. ನಾನು ಹೇಳ್ತೀನಿ, ನೀವು ಹೂಂ ಅನ್ನಿ. ಹೂಂ ಅನ್ನೋದು ನಿಂತ್ರೆ ಕತೆಯ ಗಾಲೀಲಿ ಗಾಳಿ ಇಳಿಯುತ್ತೆ. ಆಮೇಲೆ ತಳ್ಳೋರು ನೀವೇ, ನೆನಪಿರಲಿ.

ಏಳು ಕೆರೆ ಕಳೆದು, ಏಳು ಘಾಟಿ ಇಳಿದು, ಏಳು ಟೋಲ್ ಗೇಟು ದಾಟಿದ ಮೇಲೆ ಒಂದು ಸೀಮೆ ಇತ್ತಂತೆ. ಆ ಸೀಮೆಗೆ ರಾಜ ಇದ್ನಾ? ಇರಲಿಲ್ಲ. ಮಂತ್ರಿ ಇದ್ನಾ? ಅವನೂ ಇರಲಿಲ್ಲ. ಇದ್ದದ್ದು ಮೂರು ದಾರಿ ಕೂಡೋ ಒಂದು ಜಾಗ, ಅಲ್ಲೊಂದು ಗೋಣಿಮರ, ಮರದ ಕೆಳಗೆ ಹನ್ನೆರಡು ಲಾರಿ. ಹನ್ನೆರಡು ಲಾರಿಗೆ ಹನ್ನೆರಡು ಜನ. ಓಡಿಸೋರೂ ಅವರೇ, ಒಡೆಯರೂ ಅವರೇ.

ಒಂದು ದಾರಿ ಇಟ್ಟಿಗೆ ಗೂಡಿಗೆ. ಬಾಡಿಗೆ ಅಷ್ಟಕ್ಕಷ್ಟೆ. ಇನ್ನೊಂದು ದಾರಿ ಪೇಟೆಗೆ. ಪರವಾಗಿಲ್ಲ, ಗಂಜಿಗೆ ಸಾಕು. ಮೂರನೇದು ಕಡಲ ಬಂದರಿಗೆ. ಅದೇ ನೋಡಿ ಕೈತುಂಬ ಬಾಡಿಗೆ ಸಿಗೋ ಲೋಡು. ಹನ್ನೆರಡು ಜನಕ್ಕೂ ಅದರ ಮೇಲೇ ಕಣ್ಣು.

ಆ ಹನ್ನೆರಡರಲ್ಲಿ ಒಬ್ಬ ಸಿಂಗ್ರಯ್ಯ. ತಂದೆ ಇಲ್ಲ, ತಾಯಿ ಇಲ್ಲ, ಹೆಂಡ್ತಿ ಇನ್ನೂ ಬಂದಿಲ್ಲ. ಇದ್ದೋಳು ಒಬ್ಬಳೇ ತಂಗಿ, ಚೆಲುವಿ. ಅವಳನ್ನ ಬಂದರಿನ ದಾರೀಲಿರೋ ಒಂದು ಹೆಂಚಿನ ಮನೆಗೆ ಮದುವೆ ಮಾಡಿ ಕೊಟ್ಟಿದ್ದ. ಕಾರು ಮಾಡಿದ್ನಾ? ಇಲ್ಲ. ತನ್ನ ಲಾರಿಗೇ ಬಾಳೆಕಂಬ ಕಟ್ಟಿ, ಮಾವಿನ ಸೊಪ್ಪು ಕಟ್ಟಿ, ಪಕ್ಕದ ಸೀಟಲ್ಲಿ ಕೂರಿಸ್ಕೊಂಡು ಹೋಗಿ ಇಳಿಸಿದ್ದ. ಇಳಿಯೋವಾಗ ಅವಳ ಅತ್ತೆ ಮೂಗು ಮುರಿದಳು. "ಗಾಲಿ ಮೇಲಿರೋ ತವರು! ಮತ್ತೆ ಈ ಕಡೆ ತಿರುಗುತ್ತೋ ಇಲ್ವೋ."

ಸಿಂಗ್ರಯ್ಯನಿಗೆ ಚುರ್ ಅಂತು. ಅವನ ಲಾರಿಗೆ ಒಂದು ಹಿತ್ತಾಳೆ ಹಾರನ್ನಿತ್ತು. ಬಾಯಿ ಅಗಲ, ಹಿಂದೆ ಕರೀ ರಬ್ಬರ್ ಉಂಡೆ. ಹಿಸುಕಿದ್ರೆ ಎಮ್ಮೆಕರು ಕೂಗಿದ ಹಾಗೆ ಪೊಂವ್ ಅನ್ನೋದು. ಅಂಥ ಹಾರನ್ನು ಆ ಸೀಮೇಲಿ ಇನ್ನೊಂದಿರಲಿಲ್ಲ. ಅದನ್ನ ಮುಟ್ಟಿ ಹೇಳಿದ. "ಚೆಲುವೀ, ಪ್ರತಿ ಗೌರಿ ಹಬ್ಬಕ್ಕೂ ಇದೇ ಲಾರೀಲಿ ಬಾಗಿನ ತರ್ತೀನಿ. ಮೂರು ಸಲ ಹಾರನ್ ಹೊಡೀತೀನಿ. ನೀನು ಬಾಗಿಲಿಗೆ ಬಾ."

"ಬರ್ತೀನಣ್ಣ," ಅಂದಳು ಚೆಲುವಿ.

ಮಾತು ಕೊಟ್ಟದ್ದಾಯ್ತು. ಉಳಿಸ್ಕೊಳ್ಳೋದು ಹೇಗೆ? ಗೋಣಿಮರದ ಕಟ್ಟೆ ಮೇಲೆ ಒಬ್ಬ ಏಜೆಂಟ್ ಕೂರ್ತಿದ್ದ. ಹೊಟ್ಟೆ ಮುಂದೆ, ಅವನು ಹಿಂದೆ. ಕಟ್ಟೆ ಸಾಹುಕಾರ ಅಂತ ಎಲ್ಲರೂ ಕರೆಯೋರು. ಬಂದರಿಗೆ ಲೋಡು ಬಂದ್ರೆ ಕಟ್ಟೆ ಮೇಲೆ ನಿಂತು ಕೂಗೋನು, "ಯಾರು ಕಡಿಮೆಗೆ ಹೊರ್ತೀರಿ?" ಒಬ್ಬ ಇಷ್ಟು ಅಂದ್ರೆ ಇನ್ನೊಬ್ಬ ಅದಕ್ಕಿಂತ ಕಡಿಮೆ. ಮೂರನೆಯವನು ಡೀಸೆಲ್ ಹುಟ್ಟಿದ್ರೆ ಸಾಕು ಅನ್ನೋನು. ಕಿತ್ತಾಡೋರು ಹನ್ನೆರಡು ಜನ, ಕೊಬ್ಬೋನು ಒಬ್ಬ.

ಮೊದಲ ಗೌರಿ ಹಬ್ಬ ಬಂತು. ಸಿಂಗ್ರಯ್ಯ ಮೊರದ ಬಾಗಿನ ಕಟ್ಟಿದ. ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಾಚಣಿಗೆ, ರವಿಕೆ ಕಣ. ಲೋಡು ಕೇಳಿದ, ಇನ್ನೊಬ್ಬ ಕಡಿಮೆಗೆ ಕೂಗಿದ. ಲೋಡು ಹೋಯ್ತು, ಹಬ್ಬ ಹೋಯ್ತು, ಮೊರ ಉಳೀತು. ಎರಡನೇ ಹಬ್ಬ ಬಂತು. ಲೋಡು ಹೋಯ್ತು, ಹಬ್ಬ ಹೋಯ್ತು, ಮೊರ ಉಳೀತು. ಮೂರನೇ ಹಬ್ಬಾನೂ ಹಾಗೇ. ಕ್ಯಾಬಿನ್ನಿನ ಹಿಂದೆ ಮೂರು ಜೊತೆ ಮೊರ, ಬೆಲ್ಲಕ್ಕೆ ಇರುವೆ.

ಬಸ್ಸಲ್ಲಿ ಹೋಗಬಾರದಾಗಿತ್ತಾ ಅಂತೀರಾ? ನಾನೂ ಅದನ್ನೇ ಕೇಳ್ತೀನಿ! ಹಟಮಾರಿ. ಲಾರೀಲೇ ಬರ್ತೀನಿ ಅಂದೋನು ಬಸ್ಸಿಳಿದು ಅತ್ತೆ ಮುಂದೆ ತಲೆ ತಗ್ಗಿಸಬೇಕಾ ಅಂತ ಅವನ ವಾದ. ಖಾಲಿ ಲಾರಿ ಓಡಿಸೋಣ ಅಂದ್ರೆ ಡೀಸೆಲ್ಲಿಗೆ ಗತಿ ಇಲ್ಲ. ದಿನಾ ಬಂದರಿನ ದಾರಿ ಕಡೆ ಮುಖ ಮಾಡಿ ಲಾರಿ ನಿಲ್ಲಿಸೋನು. ಅಷ್ಟೇ ಅವನ ಕೈಲಾದದ್ದು.

ಒಂದಿನ ಅವನಿಗೆ ತಲೆ ಕೆಟ್ಟುಹೋಯ್ತು. ಲಾರಿ ಜಾರದ ಹಾಗೆ ಗಾಲಿಗೆ ಕೊಡ್ತಾರಲ್ಲ ಅಡ್ಡಗಲ್ಲು, ಅದನ್ನ ಎತ್ತಿ ಮರದ ಕೆಳಗೆ ಧೊಪ್ಪನೆ ಹಾಕಿದ.

"ಎಲ್ಲರೂ ನಿಮ್ಮ ನಿಮ್ಮ ಕಲ್ಲು ತನ್ನಿ. ಸಾಲಾಗಿ ಇಡಿ. ಬಂದರಿನ ಲೋಡು ಬಂದ್ರೆ ಮೊದಲ ಕಲ್ಲಿನೋನು ಹೋಗಬೇಕು, ಆಮೇಲೆ ಅವನ ಕಲ್ಲು ಕೊನೆಗೆ. ಬಾಡಿಗೆ ನಾವು ಹೇಳಿದ್ದು. ಕಡಿಮೆಗೆ ಕೂಗಿದೋನು ಈ ನೆರಳಿಗೆ ಬರಬಾರದು."

"ಮೊದಲ ಕಲ್ಲು ಯಾರದಪ್ಪ, ನಿಂದಾ?" ಅಂತ ಕುಟುಕಿದ ಮಾರೇಗೌಡ. ಅವನ ಬಾಯಿ ಮೆಣಸಿನಕಾಯಿ.

"ಬಡಿಸೋನು ಕೊನೇಲಿ ಉಣ್ಣಬೇಕು. ನಂದು ಹನ್ನೆರಡನೇದು," ಅಂದ ಸಿಂಗ್ರಯ್ಯ.

ಎಲ್ಲರಿಗಿಂತ ಹಿರಿಯರು ಇಮಾಮ್ ಸಾಬರು. ಅವರೆದ್ದು ತಮ್ಮ ಕಲ್ಲು ತಂದರು. ಅವರದು ಮೊದಲಾಯ್ತು. ಆಮೇಲೆ ಒಂದೊಂದೇ ಕಲ್ಲು ಬಂತು. ಗೊಣಗಿ ಗೊಣಗಿ ಮಾರೇಗೌಡ ತಂದಾಗ ಹತ್ತು ತುಂಬಿತ್ತು, ಅವನದು ಹನ್ನೊಂದಾಯ್ತು.

ಸಾಹುಕಾರ ಸುಮ್ಮನಿದ್ನಾ? ಮೊದಲನೇ ದಿನ ಕೂಗಿದ, ಯಾರೂ ಏಳಲಿಲ್ಲ. ಎರಡನೇ ದಿನ ಬೈದ, ಯಾರೂ ಏಳಲಿಲ್ಲ. ಮೂರನೇ ದಿನ ಮೂಟೆ ಗುಡ್ಡೆ ಬಿದ್ದು ಕಟ್ಟೆಯೇ ಕಾಣದ ಹಾಗಾಯ್ತು. ಸಾಹುಕಾರ ಇಳಿದು ಬಂದು ಇಮಾಮ್ ಸಾಬರ ಮುಂದೆ ನಿಂತ. "ಹೇಳಿದಷ್ಟೇ ಕೊಡ್ತೀನಿ, ಎತ್ರಪ್ಪ."

ಒಂದು ವಾರ ಕಳೆದಿಲ್ಲ, ಮಾರೇಗೌಡ ಕೇಳಿದ. "ಮಗಳಿಗೆ ಬಂದರಲ್ಲಿ ಒಂದು ಸಂಬಂಧ ಇದೆ. ಹೋಗಿ ಮಾತಾಡಬೇಕು. ಈ ಸಲ ನನ್ನ ಕಲ್ಲು ಮುಂದಕ್ಕೆ ಬಿಡಿ."

ಎಲ್ಲರೂ ಸಿಂಗ್ರಯ್ಯನ ಮುಖ ನೋಡಿದರು. ಸಿಂಗ್ರಯ್ಯ ಗಟ್ಟಿಯಾಗಿ ಅಂದ. "ಇವತ್ತು ಇವನ ಮಗಳು, ನಾಳೆ ಅವನ ಅತ್ತೆ, ನಾಡಿದ್ದು ಇನ್ನೊಬ್ಬನ ನಾದಿನಿ. ಕಾರಣ ಇಲ್ಲದ ಮನೆ ಯಾವುದು? ಬಂದರಿಗೆ ಹೋಗೋ ಲೋಡಿಗೆ ಸರದಿ ಅಂದ್ರೆ ಸರದಿ. ಕಲ್ಲು ಕದಲೋ ಹಾಗಿಲ್ಲ."

ಗೌಡ ಬಸ್ಸಲ್ಲಿ ಹೋದ. ತಡವಾಗಿ ಹೋದ. ಆ ಸಂಬಂಧ ಕೈ ತಪ್ಪಿತು. ಆವತ್ತಿಂದ ಗೌಡ ಸಿಂಗ್ರಯ್ಯನ ಹತ್ತಿರ ಮಾತು ಬಿಟ್ಟ. ಸಾಲಲ್ಲಿದ್ದ ಕಲ್ಲನ್ನ ಮಾತ್ರ ತೆಗೀಲಿಲ್ಲ, ಅದೇ ದೊಡ್ಡದು.

ಇಮಾಮ್ ಸಾಬರು ಮೊದಲ ಲೋಡು ಇಳಿಸಿ ಬಂದು ಟೀ ಕುಡೀತಾ ಒಂದು ವಿಚಾರ ಹೇಳಿದರು. "ದಾರೀಲಿ ಒಂದು ಹೆಂಚಿನ ಮನೆ ಇದೆ ಕಣ್ರಪ್ಪ. ಯಾವ ಲಾರಿ ಸದ್ದಾದ್ರೂ ಒಬ್ಬ ಹೆಣ್ಣುಮಗಳು ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರ್ತಾಳೆ. ನೋಡ್ತಾಳೆ. ಒಳಗೆ ಹೋಗ್ತಾಳೆ. ಯಾರ ದಾರಿ ಕಾಯ್ತಾಳೋ ಪಾಪ."

ಸಿಂಗ್ರಯ್ಯ ಟೀ ಲೋಟ ಕೆಳಗಿಟ್ಟ. ನನ್ನ ತಂಗಿ ಅಂದ್ನಾ? ಅನ್ನಲಿಲ್ಲ. ಎದ್ದು ಹೋಗಿ, ಬೆಳಿಗ್ಗೆ ತೊಳೆದಿದ್ದ ಲಾರೀನ ಮತ್ತೆ ತೊಳೆದ.

ಆಮೇಲೆ ದಿನಾ ಕಲ್ಲು ನೋಡೋದೇ ಅವನ ಪೂಜೆ. ಹನ್ನೆರಡಿದ್ದದ್ದು ಹತ್ತಾಯ್ತು, ಏಳಾಯ್ತು, ಐದಾಯ್ತು. ಗೌರಿ ಹಬ್ಬಕ್ಕೆ ಸರಿಯಾಗಿ ತನ್ನ ಸರದಿ ಅಂತ ಎಣಿಸಿದ್ದ, ಹೊಸ ಮೊರ ಕೊಂಡಿದ್ದ. ಅಷ್ಟರಲ್ಲಿ ಮಳೆ ಹೊಡೆದು ಘಾಟಿ ಕುಸೀತು. ಎರಡು ವಾರ ದಾರಿ ಬಂದ್. ದಾರಿ ಬಿಟ್ಟಾಗ ಹಬ್ಬಕ್ಕೆ ಎರಡೇ ದಿನ, ಬಂದರಿಗೆ ಒಂದೇ ಲೋಡು. ಮೊದಲ ಕಲ್ಲು ಮಾರೇಗೌಡನದು. ಎರಡನೇದು ಸಿಂಗ್ರಯ್ಯನದು.

ಮಟಮಟ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಸಾಹುಕಾರ ಬೆಕ್ಕಿನ ಹಾಗೆ ಬಂದು ಕ್ಯಾಬಿನ್ನಿಗೆ ಒರಗಿದ. ಮೊರ ನೋಡಿದ.

"ನಾಲ್ಕನೇ ವರ್ಷ ಅಲ್ವೇನಯ್ಯ? ನಿನ್ನ ತಂಗಿ ಇನ್ನೆಷ್ಟು ಕಾಯ್ಬೇಕು? ಒಂಚೂರು ಕಡಿಮೆಗೆ ಹೊರು, ಈಗಲೇ ಲೋಡು ಹಾಕಿಸ್ತೀನಿ. ಅವರು ಊಟ ಮುಗಿಸಿ ಬರೋದ್ರೊಳಗೆ ನೀನು ಮೊದಲ ಘಾಟೀಲಿ ಇರ್ತೀಯ."

ಕೇಳಿ. ಸಿಂಗ್ರಯ್ಯನ ಕೈ ಕೀಲಿಗೆ ಹೋಯ್ತು. ಹೋಯ್ತು ಮತ್ತೆ, ಅವನೇನು ಕಲ್ಲಾ? ಕೀಲಿ ತಿರುಗಿಸಿದ. ಎಂಜಿನ್ ಹೊತ್ತಿಕೊಳ್ತು. ಕಣ್ಣೆದುರಿಗೆ ಹೆಂಚಿನ ಮನೆ, ಬಾಗಿಲಲ್ಲಿ ಚೆಲುವಿ. ಗಾಲಿಗೆ ಕೊಟ್ಟ ಕಲ್ಲು ತೆಗೆಯೋಣ ಅಂತ ಇಳಿದು ಬಗ್ಗಿದ. ಗಾಲಿ ಹತ್ತಿರ ಕಲ್ಲಿಲ್ಲ. ಎಲ್ಲಿದೆ? ಮರದ ಕೆಳಗೆ, ಸಾಲಲ್ಲಿ, ಗೌಡನ ಕಲ್ಲಿನ ಹಿಂದೆ. ತಾನೇ ಇಟ್ಟದ್ದು.

ಬಗ್ಗಿದೋನು ಹಾಗೇ ನಿಂತ. ಇವತ್ತು ನಾನು ಹೋದ್ರೆ ನಾಳೆ ಇನ್ನೊಬ್ಬ, ನಾಡಿದ್ದು ಮತ್ತೆ ಕಟ್ಟೆ ಮೇಲೆ ಕೂಗು. ಬೇಲಿನೇ ಎದ್ದು ಹೊಲ ಮೇಯ್ದ ಹಾಗೆ. ಎಂಜಿನ್ ಆರಿಸಿದ.

"ಹೋಗಿ ಸಾಹುಕಾರ್ರೇ, ಊಟದ ಹೊತ್ತು," ಅಂದ.

ಆಮೇಲೆ ಒಂದು ಸ್ಪ್ಯಾನರ್ ತಗೊಂಡು ಹಿತ್ತಾಳೆ ಹಾರನ್ ಬಿಚ್ಚಿದ. ಮಾರೇಗೌಡ ಊಟ ಮುಗಿಸಿ ಬಂದಾಗ ಅವನ ಮುಂದೆ ಹೋಗಿ ನಿಂತ. ಒಂದು ಕೈಲಿ ಹಾರನ್, ಕಂಕುಳಲ್ಲಿ ಮೊರ.

"ಗೌಡ, ನಿನ್ನ ಸರದಿ ಕೇಳೋಕೆ ಬಂದಿಲ್ಲ."

"ಕೇಳಿದ್ರೂ ಕೊಡ್ತಿರಲಿಲ್ಲ."

"ಕೊಡಲೂಬಾರದು. ಇಮಾಮ್ ಸಾಬರು ಹೇಳಿದ ಹೆಂಚಿನ ಮನೆ ಇದೆಯಲ್ಲ, ಅಲ್ಲಿರೋಳು ನನ್ನ ತಂಗಿ. ಇದನ್ನ ನಿನ್ನ ಲಾರಿಗೆ ಕಟ್ಕೊ. ದಾರೀಲಿ ಹೊಡೀಬೇಡ. ಅವಳ ಬಾಗಿಲಲ್ಲಿ ಮೂರು ಸಲ ಹೊಡಿ. ಮೊರ ಕೊಡು. ಅಣ್ಣ ಬರ್ತಾನೆ ಅನ್ನು."

ಗೌಡ ಹಾರನ್ ನೋಡಿದ, ಮೊರ ನೋಡಿದ, ಸಿಂಗ್ರಯ್ಯನ ಕಣ್ಣು ನೋಡಿದ. ಇಸ್ಕೊಂಡು, ಲೋಡು ಹಾಕಿಸ್ಕೊಂಡು ಹೊರಟುಹೋದ.

ಗೌರಿ ಹಬ್ಬದ ದಿನ ಸಿಂಗ್ರಯ್ಯ ಮರದ ಕೆಳಗೆ ಒಬ್ಬನೇ ಕೂತಿದ್ದ. ಇಮಾಮ್ ಸಾಬರು ಊಟಕ್ಕೆ ಕರೆದರು, ಹೋಗಲಿಲ್ಲ. ಟೀ ಕಳಿಸಿದರು, ಆರಿಹೋಯ್ತು. ಈಗ ಲಾರಿ ನಿಲ್ಲಿಸಿರ್ತಾನೆ, ಈಗ ಹಾರನ್ ಹೊಡೆದಿರ್ತಾನೆ, ಓಡಿ ಬಂದೋಳಿಗೆ ಅಣ್ಣ ಕಾಣದೆ ಮುಖ ಸಣ್ಣಗಾಗಿರುತ್ತೆ. ಹಾಗೆ ಅಂದ್ಕೊಂಡು ಅಂದ್ಕೊಂಡು ಹೊತ್ತು ಮುಳುಗಿತು.

ಮಾರನೇ ದಿನ ಬಿಸಿಲು ಬಾಗೋ ಹೊತ್ತು. ಬಂದರಿನ ದಾರಿ ಕಡೆಯಿಂದ, ಪೊಂವ್.

ಸಿಂಗ್ರಯ್ಯ ರೇಗಿಬಿಟ್ಟ. "ದಾರೀಲಿ ಹೊಡೀಬೇಡ ಅಂದಿದ್ದೆ ಈ ಗೌಡನಿಗೆ!"

ಪೊಂವ್.

"ಬೇಕು ಅಂತಲೇ ಹೊಟ್ಟೆ ಉರಿಸ್ತಾನೆ."

ಪೊಂವ್.

ಲಾರಿ ತಿರುವು ದಾಟಿ ಬಂದು ಮರದ ಮುಂದೆ ನಿಂತಿತು. ಕಿಟಕಿಯಿಂದ ಒಂದು ಕೈ ಆಚೆ ಬಂದಿತ್ತು. ರಬ್ಬರ್ ಉಂಡೆ ಹಿಡಿದ ಕೈ. ಮುಂಗೈ ತುಂಬ ಹಸಿರು ಬಳೆ. ಅವನೇ ಮೊರದಲ್ಲಿಟ್ಟಿದ್ದ ಬಳೆ.

"ಅಣ್ಣಾ, ಮೂರು ಸಲ ಹೊಡೆದ್ರೆ ಬಾಗಿಲಿಗೆ ಬರ್ಬೇಕು ಅಂತ ಮಾತಾಗಿತ್ತು. ನಾನು ನಾಲ್ಕು ವರ್ಷದಿಂದ ಕಂಡ ಲಾರಿಗೆಲ್ಲ ಓಡಿ ಬಂದಿದ್ದೀನಿ. ನೀನ್ಯಾಕೆ ಅಲ್ಲೇ ನಿಂತಿದ್ದೀಯ?"

ಚೆಲುವಿಯೇ ಇಳಿದು ಬಂದಳು. ಸೊಂಟದಲ್ಲಿ ಎರಡು ವರ್ಷದ ಮಗಳು, ಅವನು ನೋಡೇ ಇಲ್ಲದ ಮಗು.

"ಅತ್ತೆ ಕಳಿಸಿದ್ರಾ?" ಅಂದ ಸಿಂಗ್ರಯ್ಯ.

"ತವರಿನ ಹಾರನ್ ಬಂದು ಬಾಗಿಲಲ್ಲಿ ಕೂಗ್ತಿದೆ, ಕಳಿಸದೆ ಇರೋಕಾಗುತ್ತಾ ಅಂದ್ರು."

ಮಾರೇಗೌಡ ಲಾರಿ ಇಳಿದು ತನ್ನ ಕಲ್ಲನ್ನ ಸಾಲಿನ ಕೊನೆಗೆ ತಳ್ಳಿದ. ಬೆನ್ನು ತಿರುಗಿಸಿಕೊಂಡೇ ಹೇಳಿದ.

"ಹೋಗೋ ಲೋಡಿಗೆ ಸರದಿ ಅಂದಿದ್ದೆ ನೀನು. ಬರೋವಾಗ ಲಾರಿ ಖಾಲಿ, ಅದಕ್ಕೆ ನಿನ್ನ ಕಟ್ಟಳೆ ಇರಲಿಲ್ಲ. ಅದಕ್ಕೇ ಕರ್ಕೊಂಡ್ ಬಂದೆ."

ಸಿಂಗ್ರಯ್ಯ ಆಗ ಅತ್ತ. ಹನ್ನೊಂದು ಜನದ ಮುಂದೆ, ಹಗಲು ಹೊತ್ತಲ್ಲೇ ಅತ್ತ. ಯಾರೂ ನಗಲಿಲ್ಲ.

ಈಗ ಸಾಲಲ್ಲಿ ಮೊದಲ ಕಲ್ಲು ಯಾರದು? ಹೇಳಿ ನೋಡೋಣ. ಹೂಂ, ಸಿಂಗ್ರಯ್ಯನದೇ. ಎಂಟು ದಿನಕ್ಕೆ ಬಂದರಿನ ಲೋಡು ಬಂತು. ಹಿಂದೆ ಕೈತುಂಬ ಬಾಡಿಗೆಯ ಲೋಡು, ಪಕ್ಕದ ಸೀಟಲ್ಲಿ ತಂಗಿ, ತೊಡೆ ಮೇಲೆ ಮಗು. ಹೆಂಚಿನ ಮನೆ ಮುಂದೆ ಮೂರು ಸಲ ಹಾರನ್ ಹೊಡೆದ. ಈ ಸಲ ಬಾಗಿಲಿಗೆ ಬಂದದ್ದು ಅತ್ತೆ.

ಬರೋವಾಗ ಲಾರಿ ಖಾಲಿ. ಪಕ್ಕದ ಸೀಟೂ ಖಾಲಿ. ಮರದ ಹತ್ತಿರ ಬಂದೋನೇ ತನ್ನ ಕಲ್ಲನ್ನ ಹನ್ನೆರಡನೇದಾಗಿ ಇಟ್ಟು, ಮತ್ತೆ ಗೌರಿ ಹಬ್ಬಕ್ಕೆ ಎಷ್ಟು ಸುತ್ತು ಬರುತ್ತೆ ಅಂತ ಬೆರಳು ಮಡಿಸೋಕೆ ಶುರು ಮಾಡಿದ್ನಂತೆ.

ಅವನ ಲಾರಿ ಅವನ ಮರ ಸೇರ್ತು, ನನ್ನ ಕತೆ ನಿಮ್ಮ ಕಿವಿ ಸೇರ್ತು. ಹೊತ್ತು ತಂದೋನು ನಾನು, ಇಳಿಸ್ಕೊಂಡೋರು ನೀವು. ಏಳಿ, ತಂಗಿ ಇರೋರು ಹೋಗಿ ಮಾತಾಡ್ಸಿ ಬನ್ನಿ.